ಲಭ್ಯತೆಗೆ ಒಳಪಟ್ಟ ರಜೆ

ನನ್ನ ಟೇಬಲ್ ಮೇಲೆ 22 ಪುಟದ ಒಂದು ಪುಸ್ತಕ ಇದೆ. ಹೊಳೆಯುವ ರಟ್ಟು, ಮುಖಪುಟದಲ್ಲಿ ಸಮುದ್ರ, ಸಮುದ್ರದ ಎದುರು ಎರಡು ಖಾಲಿ ಕುರ್ಚಿ. ಲೇಖಕರ ಹೆಸರಿಲ್ಲ. ಭಾಷೆ ಇಂಗ್ಲಿಷ್. ಬೆಲೆ 1,85,000 ರೂಪಾಯಿ. ಅದರ ಮೇಲೆ ಉಪಯೋಗಿಸಿದರೂ ಬಿಟ್ಟರೂ ವರ್ಷಕ್ಕೆ 9,000 ರೂಪಾಯಿ ನಿರ್ವಹಣಾ ಶುಲ್ಕ. ಕೊಂಡವರು ತರೀಕೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿರುವ ನಮ್ಮ ಭಾವ. ಅವರು ಇದನ್ನು ಓದಿದ್ದು ಕೊಂಡ ಮೇಲೆ. ಈ ಪುಸ್ತಕದ ವಿಶೇಷವೇ ಅದು, ದುಡ್ಡು ಕೊಡುವ ಮುಂಚೆ ಓದಲು ಸಿಗುವುದಿಲ್ಲ.

ಇದು ಒಂದು ವೆಕೇಶನ್ ಕ್ಲಬ್ಬಿನ ಮೆಂಬರ್‌ಶಿಪ್ ಒಪ್ಪಂದ. ಕಂಪನಿ ಯಾವುದು ಅಂತ ಹೇಳಲ್ಲ, ನನ್ನ ಮಾತು ಒಂದು ಕಂಪನಿಯದ್ದಲ್ಲ. ಇಂಥ ಒಪ್ಪಂದಕ್ಕೆ ಸಹಿ ಹಾಕಿ ಆಮೇಲೆ ಪೇಚಾಡುವವರನ್ನು ಕಂಡರೆ ನಮ್ಮ ಬಾಯಿಗೆ ಮೊದಲು ಬರುವುದು ‘ಓದದೆ ಯಾಕೆ ಸೈನ್ ಮಾಡಿದ್ರಿ?’ ಅನ್ನುವ ಪ್ರಶ್ನೆ. ಸರಿ, ಓದೇ ಬಿಡೋಣ. ಕತೆ, ಕಾದಂಬರಿಗೆ ವಿಮರ್ಶೆ ಬರೆಯುವವರಿದ್ದಾರೆ. ಜನರ ಜೀವಮಾನದ ಉಳಿತಾಯ ನುಂಗುವ ಬರವಣಿಗೆಗೆ ಯಾಕೆ ಬೇಡ?

ಮೊದಲು ಇದು ಕೈಗೆ ಬಂದ ಬಗೆ. ಒಂದು ಮಾಲ್‌ನಲ್ಲಿ ತುಂಬಿಸಿಕೊಂಡ ಲಕ್ಕಿ ಡ್ರಾ ಚೀಟಿ, ತಿಂಗಳಾದ ಮೇಲೆ ಒಂದು ಫೋನು, ‘ದಂಪತಿ ಸಮೇತ ಬನ್ನಿ, ಗಿಫ್ಟ್ ತಗೊಂಡು ಹೋಗಿ’. ಶಿವಮೊಗ್ಗದ ಒಂದು ಹೋಟೆಲ್ ಹಾಲ್. ಒಂದೊಂದು ಸಂಸಾರಕ್ಕೆ ಒಂದೊಂದು ಟೇಬಲ್, ಪಕ್ಕದವರ ಮಾತು ಕೇಳಿಸದಷ್ಟು ಜೋರಾಗಿ ಹಾಡು, ಯಾರಾದರೂ ಸಹಿ ಹಾಕಿದರೆ ಚಪ್ಪಾಳೆ. 3,40,000 ಅಂತ ಶುರುವಾದ ರೇಟು ಮೂರು ಗಂಟೆಯಲ್ಲಿ 1,85,000ಕ್ಕೆ ಇಳಿಯಿತು, ಆದರೆ ‘ಇವತ್ತಿಗೆ ಮಾತ್ರ ಸರ್’. 40,000 ಕ್ರೆಡಿಟ್ ಕಾರ್ಡಿನಲ್ಲಿ, ಉಳಿದದ್ದು ಇಎಂಐ. ಕಾರ್ಡ್ ಉಜ್ಜಿದ ಮೇಲೆ ಸಹಿ. ಪುಸ್ತಕ ಮನೆಗೆ ಬಂದದ್ದು 16ನೇ ದಿನ. ರದ್ದು ಮಾಡುವವರು ಸಹಿ ಹಾಕಿದ 10 ದಿನದೊಳಗೆ ತಿಳಿಸಬೇಕು ಅನ್ನುವ ನಿಯಮ ಇದ್ದದ್ದು ಅದೇ ಪುಸ್ತಕದ 14ನೇ ಪುಟದಲ್ಲಿ.

ಅಕ್ಕ ಹೇಳಿದ ಒಂದು ಮಾತು ನನಗೆ ಮರೆಯೋಕಾಗಲ್ಲ. “ಮಕ್ಕಳನ್ನ ವರ್ಷಕ್ಕೆ ಒಂದ್ಸಲ ಆದ್ರೂ ಎಲ್ಲಿಗಾದ್ರೂ ಕರ್ಕೊಂಡು ಹೋಗ್ತೀರಾ ಸರ್ ಅಂತ ಆ ಹುಡುಗ ಕೇಳ್ದ. ನಿಮ್ ಭಾವ ತಲೆ ತಗ್ಗಿಸಿದ್ರು ಕಣೋ. ಆಮೇಲೆ ಅವ್ನು ಏನ್ ಹೇಳಿದ್ರೂ ಹೂಂ ಅಂದ್ರು.” ಮಾರಾಟ ಆದದ್ದು ಅಲ್ಲಿಗೆ. ರೆಸಾರ್ಟಿನ ಫೋಟೋ ನೋಡಿ ಅವರು ಸೋಲಲಿಲ್ಲ, ಅಪ್ಪನಾಗಿ ಏನೋ ಕಡಿಮೆ ಮಾಡಿದೆ ಅನ್ನುವ ಭಾವನೆಗೆ ಸೋತರು.

ಈಗ ಪುಸ್ತಕಕ್ಕೆ ಬರೋಣ. ಹಾಲ್‌ನಲ್ಲಿ ಆಡಿದ ಮಾತೆಲ್ಲ ಕನ್ನಡ. ‘ಯಾವಾಗ ಬೇಕಾದ್ರೂ ಹೋಗಿ. ಬೇಡ ಅನ್ಸಿದ್ರೆ ಮಾರ್ಕೊಳ್ಳಿ. ನಾವಿದ್ದೀವಲ್ಲ.’ ಬರೆದದ್ದು ಪೂರಾ ಇಂಗ್ಲಿಷ್. ಅದರಲ್ಲಿ ಒಂದು ಷರತ್ತು: ಈ ಪತ್ರದಲ್ಲಿ ಇರುವುದಷ್ಟೇ ಒಪ್ಪಂದ, ಪ್ರತಿನಿಧಿಗಳು ಬಾಯಲ್ಲಿ ಕೊಟ್ಟ ಯಾವ ಭರವಸೆಗೂ ಕಂಪನಿ ಜವಾಬ್ದಾರಿಯಲ್ಲ. ಅಂದರೆ ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಇಂಗ್ಲಿಷಿನ ಒಂದು ಸಾಲು ಅಳಿಸಿಹಾಕಿತು. ಭಾವನಿಗೆ ಇಂಗ್ಲಿಷ್ ಬರಲ್ಲ ಅಂತಲ್ಲ. ಆದರೆ ನಂಬಿಕೆ ಹುಟ್ಟಿದ್ದು ಒಂದು ಭಾಷೆಯಲ್ಲಿ, ಕಟ್ಟುಪಾಡು ಹಾಕಿದ್ದು ಇನ್ನೊಂದು ಭಾಷೆಯಲ್ಲಿ.

ಎರಡನೆಯದು ಕ್ರಿಯಾಪದ. ಸದಸ್ಯರ ಬಗ್ಗೆ ಬರೆಯುವಾಗ ಎಲ್ಲ ಕಡೆ ‘ತಕ್ಕದ್ದು’: ಪಾವತಿಸತಕ್ಕದ್ದು, ತಿಳಿಸತಕ್ಕದ್ದು, ಬದ್ಧರಾಗಿರತಕ್ಕದ್ದು. ಕಂಪನಿ ಬಗ್ಗೆ ಬರೆಯುವಾಗ ‘ಬಹುದು’: ಒದಗಿಸಬಹುದು, ಬದಲಾಯಿಸಬಹುದು, ಶುಲ್ಕ ಏರಿಸಬಹುದು. ಒಬ್ಬರಿಗೆ ಬರೀ ತಕ್ಕದ್ದು, ಇನ್ನೊಬ್ಬರಿಗೆ ಬರೀ ಬಹುದು ಅಂತಿರುವ ಕಾಗದವನ್ನು ಒಪ್ಪಂದ ಅನ್ನಬೇಕೋ ಹುಕುಂ ಅನ್ನಬೇಕೋ ನೀವೇ ಹೇಳಿ.

ಮೂರನೆಯದು ಈ ಕೃತಿಯ ಪಲ್ಲವಿ: ‘ಲಭ್ಯತೆಗೆ ಒಳಪಟ್ಟು’. ರೂಮು ಲಭ್ಯತೆಗೆ ಒಳಪಟ್ಟು, ದಿನಾಂಕ ಲಭ್ಯತೆಗೆ ಒಳಪಟ್ಟು, ಊರು ಲಭ್ಯತೆಗೆ ಒಳಪಟ್ಟು. ಇಎಂಐ ಮಾತ್ರ ಯಾವುದಕ್ಕೂ ಒಳಪಟ್ಟಿಲ್ಲ, ಪ್ರತಿ ತಿಂಗಳು 5ನೇ ತಾರೀಕು ಬಂತು ಅಂದ್ರೆ ಬಂತು.

ಈ ಮೂರು ಪದಗಳಿಗೆ ಒಂದು ಚರಿತ್ರೆ ಇದೆ. ಟೈಮ್‌ಶೇರ್ ಅನ್ನುವ ಕಲ್ಪನೆ 1960ರ ದಶಕದಲ್ಲಿ ಯುರೋಪಿನಲ್ಲಿ ಹುಟ್ಟಿದಾಗ ಲೆಕ್ಕ ಸರಳವಾಗಿತ್ತು. ಬೆಟ್ಟದ ಮೇಲಿನ ಒಂದು ಮನೆ, ವರ್ಷದ ವಾರಗಳನ್ನು ಹಂಚಿಕೊಳ್ಳುವ ಹಲವು ಮಾಲೀಕರು, ಒಬ್ಬೊಬ್ಬರಿಗೆ ಗೊತ್ತಾದ ಒಂದೊಂದು ವಾರ. 1974ರಲ್ಲಿ ಅಮೆರಿಕದಲ್ಲಿ ಆರ್‌ಸಿಐ ಶುರುವಾದ ಮೇಲೆ ನನ್ನ ವಾರ ನಿನಗೆ, ನಿನ್ನ ವಾರ ನನಗೆ ಅಂತ ಅದಲುಬದಲು ಮಾಡಿಕೊಳ್ಳುವ ವ್ಯವಸ್ಥೆ ಬಂತು. 1980ರ ದಶಕದಲ್ಲಿ ಈ ವ್ಯಾಪಾರ ಭಾರತಕ್ಕೂ ಕಾಲಿಟ್ಟಿತು. ಬರಬರುತ್ತ ಗೊತ್ತಾದ ಮನೆ ಹೋಯಿತು, ಗೊತ್ತಾದ ವಾರವೂ ಹೋಯಿತು. ಬಣ್ಣದ ಹೆಸರಿನ ಸೀಸನ್, ಪಾಯಿಂಟು, ರಾತ್ರಿಗಳ ಲೆಕ್ಕ ಬಂದವು. ಮೊದಲು ಮಾರುತ್ತಿದ್ದದ್ದು ಒಂದು ಮನೆಯ ಒಂದು ವಾರ. ಭಾವ ಕೊಂಡದ್ದು ‘ರೂಮ್ ಇದೆಯಾ’ ಅಂತ ಕೇಳುವ ಹಕ್ಕು. ಅದಕ್ಕೆ 1,85,000 ಯಾಕೆ? ಅದನ್ನು ಯಾವ ಹೋಟೆಲಿಗಾದರೂ ಪುಕ್ಕಟೆ ಫೋನ್ ಮಾಡಿ ಕೇಳಬಹುದು.

ಲೆಕ್ಕ ಹಾಕಿ ನೋಡಿ. ಆ ದುಡ್ಡನ್ನು ವರ್ಷಕ್ಕೆ ಶೇ. 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ 12,950 ರೂಪಾಯಿ ಬಡ್ಡಿ. ಅದಕ್ಕೆ ನಿರ್ವಹಣಾ ಶುಲ್ಕದ 9,000 ಸೇರಿಸಿ, 21,950. ಒಪ್ಪಂದದಲ್ಲಿರುವುದು ವರ್ಷಕ್ಕೆ 6 ರಾತ್ರಿ. ಸಿಕ್ಕರೆ, ರಾತ್ರಿಗೆ ಸುಮಾರು 3,660 ರೂಪಾಯಿ ಬಿತ್ತು, ಊಟ ಬೇರೆ. ಆ ರೇಟಿಗೆ ಒಳ್ಳೇ ಹೋಂಸ್ಟೇನೇ ಹುಡುಕಬಹುದು, ಅಸಲು ಬ್ಯಾಂಕಿನಲ್ಲಿ ಹಾಗೇ ಇರುತ್ತದೆ.

ಇನ್ನು ಈ ಸೀಸನ್ ಅನ್ನುವುದು ಯಾರ ಕ್ಯಾಲೆಂಡರ್? ನಮ್ಮ ಮೂರು ತಾಲ್ಲೂಕುಗಳನ್ನೇ ತಗೊಳ್ಳಿ. ಅಜ್ಜಂಪುರದ ಕಡೆ ಮುಂಗಾರಿನಲ್ಲಿ ಹಾಕಿದ ಈರುಳ್ಳಿ ಮಳೆಗಾಲ ಮುಗಿಯುವ ಮುಂಚೆಯೇ ಕೀಳುವುದಕ್ಕೆ ಬರುತ್ತದೆ. ತರೀಕೆರೆ ಕಡೆ ಅಡಿಕೆ ಕೊಯ್ಲು ಹಿಡಿದರೆ ಸಂಕ್ರಾಂತಿವರೆಗೂ ಬಿಡುವಿಲ್ಲ. ಕಡೂರಿನ ಬಯಲಲ್ಲಿ ರಾಗಿ ಕಟಾವು ಮುಗಿದು ಕಣ ಖಾಲಿಯಾಗುವಷ್ಟರಲ್ಲಿ ವರ್ಷ ತಿರುಗಿರುತ್ತದೆ. ಜಮೀನು ಇಟ್ಟುಕೊಂಡ ಮೇಷ್ಟ್ರ ಸಂಸಾರಕ್ಕೆ ಬಿಡುವು ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ, ಮಕ್ಕಳಿಗೂ ರಜೆ ಇರುವಾಗ. ಆಗ ದೇಶಕ್ಕೆಲ್ಲ ರಜೆ. ಭಾವ ಕೊಂಡ ಸೀಸನ್ನಿಗೆ ಆ ತಿಂಗಳುಗಳು ಸೇರಿಯೇ ಇಲ್ಲ. ಅವರಿಗೆ ರೂಮು ‘ಲಭ್ಯ’ ಇರುವುದು ಜುಲೈಯಲ್ಲಿ, ಶಾಲೆ ನಡೆಯುತ್ತಿರುವಾಗ.

ತಮಾಷೆ ಏನು ಗೊತ್ತಾ? ತರೀಕೆರೆಯವರಿಗೆ ಬೆಟ್ಟದ ಗಾಳಿ ಮಾರಿದ್ದಾರೆ. ಕೆಮ್ಮಣ್ಣುಗುಂಡಿ ಅದೇ ತಾಲ್ಲೂಕಿನಲ್ಲಿದೆ, ತೋಟಗಾರಿಕೆ ಇಲಾಖೆಯ ಅತಿಥಿಗೃಹ ಇದೆ. ಕಲ್ಲತ್ತಿಗಿರಿ ದಾರಿಯಲ್ಲೇ ಸಿಗುತ್ತದೆ. ಲಕ್ಕವಳ್ಳಿಯ ಭದ್ರಾ ಹಿನ್ನೀರು ನೋಡಲು ಬೆಂಗಳೂರಿನಿಂದ ನನ್ನ ಸಹೋದ್ಯೋಗಿಗಳು ವೀಕೆಂಡ್‌ಗೆ ಬರುತ್ತಾರೆ. ಕಡೂರಿನವರಿಗೆ ಅಯ್ಯನಕೆರೆ ಇದೆ. ಇವಕ್ಕೆಲ್ಲ ಮೆಂಬರ್‌ಶಿಪ್ ಬೇಕಿಲ್ಲ. ಹಾಗಂತ ಭಾವ ಗೋವಾ ನೋಡಬಾರದು ಅಂತ ನಾನು ಹೇಳುತ್ತಿಲ್ಲ, ನೋಡಲಿ. ಒಂದು ಸಲ ಗೋವಾಕ್ಕೆ ಹೋಗಲು 25 ವರ್ಷದ ಒಪ್ಪಂದ ಯಾಕೆ ಅನ್ನುವುದಷ್ಟೇ ಪ್ರಶ್ನೆ.

ಹಳ್ಳಿ ವ್ಯಾಪಾರದಲ್ಲಿ ಮೋಸ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದನದ ಜಾತ್ರೆಯಲ್ಲಿ ದಲ್ಲಾಳಿ ಹೇಳುವ ಸುಳ್ಳಿಗೆ ಲೆಕ್ಕ ಇಲ್ಲ. ಆದರೂ ಅಲ್ಲಿ ಕೊಳ್ಳುವವನು ಹಲ್ಲು ಹಿಡಿದು ನೋಡುತ್ತಾನೆ, ಸುಳಿ ನೋಡುತ್ತಾನೆ, ಎತ್ತನ್ನು ನಡೆಸಿ ನೋಡುತ್ತಾನೆ, ಬೇಡ ಅನಿಸಿದರೆ ಟೀ ಕುಡಿದು ಬಂದು ಇನ್ನೊಂದು ಸಲ ನೋಡುತ್ತಾನೆ. ಟವೆಲ್ ಕೆಳಗೆ ಕೈಬೆರಳು ಹಿಡಿದು ರೇಟು ಮಾತಾಡುತ್ತಾರೆ, ನಿಜ. ಆದರೆ ಟವೆಲ್ ಮುಚ್ಚುವುದು ರೇಟನ್ನು, ಎತ್ತನ್ನಲ್ಲ. ಅಜ್ಜಂಪುರದ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರದ ಹೋರಿಕರುಗಳನ್ನು ಮಾರುವುದಂತೂ ಬಹಿರಂಗ ಹರಾಜಿನಲ್ಲಿ. ಯಾರು ಎಷ್ಟು ಕೂಗಿದರು ಅಂತ ನಿಂತವರಿಗೆಲ್ಲ ಕೇಳುತ್ತದೆ. ಎಸಿ ಹಾಲ್‌ನಲ್ಲಿ ರೇಟೂ ಮುಚ್ಚಿತ್ತು, ಎತ್ತೂ ಮುಚ್ಚಿತ್ತು. ಪಕ್ಕದ ಟೇಬಲ್‌ನವರು ಎಷ್ಟಕ್ಕೆ ಕೊಂಡರು ಅಂತ ಭಾವನಿಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ಬಿಡುವ ಕತೆ. ಇದು ನನ್ನ ಕಸುಬಿಗೆ ಹತ್ತಿರದ ವಿಷಯ, ಹಾಗಾಗಿ ಸ್ವಲ್ಪ ಖಾರವಾಗಿ ಹೇಳುತ್ತೇನೆ. ಭಾವ ಫೋನ್ ಮಾಡಿದರು, ಮೇಲ್ ಕಳಿಸಿ ಅಂದರು. ಮೇಲ್ ಕಳಿಸಿದರು, ನಿಮ್ಮ ರಿಲೇಶನ್‌ಶಿಪ್ ಮ್ಯಾನೇಜರ್ ಸಂಪರ್ಕಿಸುತ್ತಾರೆ ಅಂತ ಬಂತು. ಆ ಮ್ಯಾನೇಜರ್ ಕೆಲಸ ಬಿಟ್ಟಿದ್ದ. ಹೊಸ ಮ್ಯಾನೇಜರ್, ‘ಸರ್, ನಿಮ್ಮ ಸಮಸ್ಯೆ ಸೀಸನ್‌ದು, ಇನ್ನೊಂದು 60,000 ಕಟ್ಟಿದ್ರೆ ಅಪ್‌ಗ್ರೇಡ್ ಮಾಡಿಕೊಡ್ತೀನಿ’ ಅಂದ. ಬೇಡ, ರದ್ದು ಮಾಡಿ ಅಂದರೆ, ರದ್ದತಿ ವಿಭಾಗಕ್ಕೆ ಫೋನ್ ಮಾಡಿ. ಅಲ್ಲಿಗೆ ಮಾಡಿದರೆ, ಮೇಲ್ ಕಳಿಸಿ.

ಪ್ರೋಗ್ರಾಮ್ ಬರೆಯುವವರು ಇದಕ್ಕೆ ಇನ್‌ಫಿನಿಟ್ ಲೂಪ್ ಅನ್ನುತ್ತಾರೆ. ನಮ್ಮ ಕೋಡ್‌ನಲ್ಲಿ ಅದು ಬಂದರೆ ಬಗ್. ಇಲ್ಲಿ ಅದೇ ಫೀಚರ್. ಸೇರುವ ದಾರಿಯಲ್ಲಿ ಒಂದೊಂದು ಕ್ಲಿಕ್ ಕಡಿಮೆ ಮಾಡಲು ಮೀಟಿಂಗ್ ಮಾಡುವ ನಾವು, ಬಿಡುವ ದಾರಿಯಲ್ಲಿ ಒಂದೊಂದು ಮೆಟ್ಟಿಲು ಸೇರಿಸಲೂ ಮೀಟಿಂಗ್ ಮಾಡುತ್ತೇವೆ, ಅದಕ್ಕೆ ‘ರಿಟೆನ್ಷನ್’ ಅಂತ ಚಂದದ ಹೆಸರು ಇಟ್ಟಿದ್ದೇವೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆ. ಸುಳ್ಳು ತುರ್ತು ಒಂದು: ‘ಇವತ್ತಿಗೆ ಮಾತ್ರ’. ನಾಚಿಕೆ ಹುಟ್ಟಿಸಿ ಒಪ್ಪಿಸುವುದು ಇನ್ನೊಂದು: ‘ಮಕ್ಕಳನ್ನ ಕರ್ಕೊಂಡು ಹೋಗಲ್ವಾ ಸರ್?’ ಚಂದಾದ ಬಲೆ ಮತ್ತೊಂದು: ರದ್ದು ಮಾಡುವುದನ್ನು ಅಸಾಧ್ಯ ಅಥವಾ ಸುದೀರ್ಘ ಮಾಡುವುದು. ಆನ್‌ಲೈನ್ ವ್ಯಾಪಾರವನ್ನು ಮನಸ್ಸಿನಲ್ಲಿಟ್ಟು ಬರೆದ ಪಟ್ಟಿ ಅದು. ಓದಿದರೆ ಶಿವಮೊಗ್ಗದ ಆ ಹಾಲ್‌ನ ವರದಿ ಇದ್ದ ಹಾಗಿದೆ. ಅಲ್ಲಿ ಆ್ಯಪ್ ಬದಲು ಟೈ ಕಟ್ಟಿದ ಹುಡುಗರಿದ್ದರು, ಅಷ್ಟೇ ವ್ಯತ್ಯಾಸ.

ಕಂಪನಿಗಳ ಪರವಾಗಿಯೂ ಹೇಳುವುದು ಇದೆ. ನಮ್ಮ ಆಫೀಸಿನಲ್ಲೇ ಒಬ್ಬರು ನಾಲ್ಕು ತಿಂಗಳ ಮುಂಚೆ ಬುಕ್ ಮಾಡಿ ಪ್ರತಿ ವರ್ಷ ಇಂಥ ಮೆಂಬರ್‌ಶಿಪ್‌ನಲ್ಲೇ ಪ್ರವಾಸ ಹೋಗುತ್ತಾರೆ, ಖುಷಿಯಾಗಿದ್ದಾರೆ. ನೆಟ್ಟಗೆ ನಡೆಸುವವರೂ ಇದ್ದಾರೆ. ‘ಕಮಿಷನ್ನು, ಹಾಲ್ ಖರ್ಚು ಎಲ್ಲ ಮೊದಲ ದಿನವೇ ಆಗಿರುತ್ತೆ, ವಾಪಸ್ ಎಲ್ಲಿಂದ ಕೊಡೋಣ?’ ಅನ್ನುವುದು ಅವರ ವಾದ. ವಾದ ಸುಳ್ಳಲ್ಲ. ಆದರೆ ಅದರ ಅರ್ಥ ಏನು? ಭಾವ ಕೊಟ್ಟ ದುಡ್ಡಿನ ಒಂದು ಪಾಲು ರೂಮಿಗೂ ಹೋಗಿಲ್ಲ, ಊಟಕ್ಕೂ ಹೋಗಿಲ್ಲ, ಭಾವನಿಗೆ ಮಾರುವುದಕ್ಕೇ ಹೋಗಿದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಸುಮ್ಮನೆ ಹೇಳಲಿಲ್ಲ ಹಿರಿಯರು.

ಈ ವ್ಯಾಪಾರಕ್ಕೆ ಇನ್ನೊಂದು ಬಂಡವಾಳ ಇದೆ: ನಾಚಿಕೆ. ಭಾವ ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಊರಲ್ಲಿ ಸೊಸೈಟಿ ಸಾಲದ ಕಾಗದ ಬಂದರೂ ಜನ ಅವರ ಹತ್ತಿರ ಓದಿಸಿಕೊಂಡು ಹೋಗುತ್ತಾರೆ. ‘ಮೇಷ್ಟ್ರೇ ಮೋಸ ಹೋದ್ರಂತೆ’ ಅನ್ನಿಸಿಕೊಳ್ಳುವ ಬದಲು ದುಡ್ಡು ಹೋದರೆ ಹೋಗಲಿ ಅಂದುಕೊಂಡರು. ಇಎಂಐ ಕಟ್ಟಲು ಅಕ್ಕನ ಡೇರಿ ಹಾಲಿನ ದುಡ್ಡು ಹೋಗುತ್ತಿತ್ತು. ಅಕ್ಕನೇ ಕೊನೆಗೆ ನನಗೆ ಫೋನ್ ಮಾಡಿದ್ದು. ಓದದೆ ಯಾಕೆ ಸೈನ್ ಮಾಡಿದ್ರಿ ಅಂತ ನಾವು ಕೇಳುವ ಪ್ರಶ್ನೆ ಇಂಥವರ ಬಾಯಿ ಮುಚ್ಚಿಸುತ್ತದೆ. ಬಾಯಿ ಮುಚ್ಚಿದಷ್ಟು ದಿನ ಗಡುವು ಕಳೆಯುತ್ತದೆ. ಆ ಪ್ರಶ್ನೆಯಿಂದ ಲಾಭ ಯಾರಿಗೆ, ಯೋಚಿಸಿ.

ಕಾನೂನು ಏನು ಹೇಳುತ್ತೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೆಲವು ಒಳ್ಳೆಯ ಬಾಗಿಲು ತೆರೆದಿದೆ. ದೂರುದಾರ ತಾನು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಒಪ್ಪಂದದಲ್ಲಿ ಯಾವ ದೂರದ ಊರಿನ ಕೋರ್ಟಿನ ಹೆಸರಿದ್ದರೂ ಕಡೂರು, ತರೀಕೆರೆ, ಅಜ್ಜಂಪುರದವರು ಚಿಕ್ಕಮಗಳೂರಿನ ಜಿಲ್ಲಾ ಆಯೋಗಕ್ಕೆ ಹೋದರಾಯಿತು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಎರಡು ವರ್ಷದೊಳಗೆ ಕೊಡಬೇಕು. ಮಧ್ಯಸ್ಥಿಕೆಗೇ ಹೋಗಬೇಕು ಅನ್ನುವ ಷರತ್ತಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಹೇಳಿದೆ. ಕೊಳ್ಳುವವನಿಗೆ ಬೇರೆ ದಾರಿ ಇಲ್ಲದೆ ಸಹಿ ಹಾಕಿದ ಏಕಪಕ್ಷೀಯ ಷರತ್ತು ಅವನನ್ನು ಕಟ್ಟಿಹಾಕುವುದಿಲ್ಲ ಅಂತ 2019ರ ಏಪ್ರಿಲ್‌ನಲ್ಲಿ ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ಹೇಳಿದೆ. ಅದು ಫ್ಲ್ಯಾಟಿನ ಕೇಸು, ಆದರೆ ತರ್ಕ ಇಲ್ಲಿಗೂ ಹೊಂದುತ್ತದೆ.

ಆದರೆ ಎರಡು ಕೊರತೆ ಇವೆ. ಒಂದು, ‘ಅನ್ಯಾಯದ ಒಪ್ಪಂದ’ ಅನ್ನುವ ಮಾತನ್ನು ಈ ಕಾಯ್ದೆ ಹೊಸದಾಗಿ ತಂದಿತು, ಅಂಥ ಷರತ್ತನ್ನು ರದ್ದು ಮಾಡುವ ಅಧಿಕಾರವನ್ನು ಮಾತ್ರ ಜಿಲ್ಲಾ ಆಯೋಗಕ್ಕೆ ಕೊಡಲಿಲ್ಲ, ರಾಜ್ಯ ಮತ್ತು ರಾಷ್ಟ್ರೀಯ ಆಯೋಗಕ್ಕೆ ಕೊಟ್ಟಿತು. ಜಿಲ್ಲೆಯಲ್ಲಿ ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಅಂತ ವಾದಿಸಬೇಕು. ಒಪ್ಪಂದವೇ ಅನ್ಯಾಯ ಅನ್ನುವವರು ಬೆಂಗಳೂರಿಗೆ ಹತ್ತಬೇಕು. ಎರಡು, ಇಂಥ ಮೆಂಬರ್‌ಶಿಪ್‌ಗೆ ಮನಸ್ಸು ಬದಲಾಯಿಸಲು ಇಷ್ಟು ದಿನ ಕೊಡಲೇಬೇಕು ಅನ್ನುವ ಕಾನೂನು ನಮ್ಮಲ್ಲಿಲ್ಲ. ಕಂಪನಿ ಕೊಟ್ಟಷ್ಟು ದಿನ, ಕಂಪನಿ ಎಣಿಸಿದ ಹಾಗೆ. ಇನ್ಶೂರೆನ್ಸ್ ಪಾಲಿಸಿಗೆ 2024ರ ನಿಯಮದ ಪ್ರಕಾರ 30 ದಿನ ಇದೆ, ಅದೂ ಪಾಲಿಸಿ ಕೈಗೆ ಸಿಕ್ಕ ದಿನದಿಂದ. ಯುರೋಪಿನಲ್ಲಿ 1994ರಲ್ಲೇ ಟೈಮ್‌ಶೇರ್‌ಗೆ ಅಂತಲೇ ನಿಯಮ ಬಂತು. 2008ರ ಹೊಸ ನಿಯಮದಲ್ಲಿ ಕೊಂಡವನಿಗೆ 14 ದಿನ ಇದೆ, ಆ 14 ದಿನ ಮುಗಿಯುವವರೆಗೆ ಕಂಪನಿ ಒಂದು ಪೈಸೆ ಮುಂಗಡ ಮುಟ್ಟುವ ಹಾಗಿಲ್ಲ, ಒಪ್ಪಂದ ಕೊಳ್ಳುವವನ ದೇಶದ ಭಾಷೆಯಲ್ಲೇ ಇರಬೇಕು. ನಮ್ಮ ಭಾವನಿಗೆ ಬೇಕಿದ್ದದ್ದು ಇಷ್ಟೇ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಸಿಕ್ಕಿಕೊಂಡಿದ್ದರೆ ಬೈಯುವ ಮುಂಚೆ ಅವತ್ತೇ ರದ್ದತಿ ಮೇಲ್ ಕಳಿಸಿ, ದಿನಾಂಕ ಇರಲಿ. ಫೋನ್‌ನಲ್ಲಿ ಏನು ಹೇಳಿದರೂ ‘ಬರೆದು ಕಳಿಸಿ’ ಅನ್ನಿ. ಕೋಪ ಬಂತು ಅಂತ ಇಎಂಐ ನಿಲ್ಲಿಸಬೇಡಿ, ಸಾಲ ಕೊಟ್ಟವರು ಬೇರೆ, ನಿಮ್ಮ ಸಿಬಿಲ್ ಸ್ಕೋರ್ ಹಾಳಾಗುತ್ತೆ. ಸಾಲದವರಿಗೂ ವಿಷಯ ಬರೆದು ತಿಳಿಸಿ. 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅಲ್ಲಿಗೂ ಬಗ್ಗದಿದ್ದರೆ ಆಯೋಗ.

ಅಕ್ಕ ಭಾವ ಹಾಗೇ ಮಾಡಿದ್ದಾರೆ. ಸಹಾಯವಾಣಿಯ ದೂರಿನ ನಂತರ ಕಂಪನಿ ಅರ್ಧಕ್ಕಿಂತ ಕಡಿಮೆ ವಾಪಸ್ ಕೊಡುತ್ತೇನೆ ಅಂತು, ‘ಇನ್ನು ತಕರಾರಿಲ್ಲ’ ಅಂತ ಬರೆದುಕೊಟ್ಟರೆ ಮಾತ್ರ. ಭಾವ ಒಪ್ಪಿಬಿಡೋಣ ಅಂದರು. ಅಕ್ಕ ಒಪ್ಪಲಿಲ್ಲ. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗಿ ದೂರು ಕೊಟ್ಟು ಬಂದಿದ್ದಾರೆ, ತೀರ್ಪು ಇನ್ನೂ ಬಂದಿಲ್ಲ. ಅಕ್ಕ ಮಾಡಿದ ಇನ್ನೊಂದು ಕೆಲಸ ನನಗೆ ಅದಕ್ಕಿಂತ ದೊಡ್ಡದು ಅನ್ನಿಸುತ್ತೆ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಎದ್ದು ನಿಂತು ನಮಗೆ ಹೀಗಾಯ್ತು ಅಂತ ಎಲ್ಲರ ಎದುರು ಹೇಳಿದರಂತೆ. ಸಭೆ ಮುಗಿದ ಮೇಲೆ ಇಬ್ಬರು ಹೆಂಗಸರು ಬಂದು, ‘ನಮ್ಮನೇಲೂ ಅಂಥದ್ದೊಂದು ಪುಸ್ತಕ ಇದೆ’ ಅಂದರಂತೆ.

ಒಂದು ವ್ಯಾಪಾರ ನೆಟ್ಟಗಿದೆಯೋ ಇಲ್ಲವೋ ತಿಳಿಯಲು ಅದರ ಬ್ರೋಷರ್ ನೋಡಬೇಡಿ, ಬೇಡ ಅಂದವರನ್ನು ಅದು ಹೇಗೆ ಕಳಿಸಿಕೊಡುತ್ತದೆ ಅಂತ ನೋಡಿ. ನಾವು ಬರೆಯುವ ಆ್ಯಪ್‌ಗಳಿಗೂ ಇದೇ ಅಳತೆ. ಸೇರಲು ಒಂದು ಸಹಿ ಸಾಕಾದರೆ ಬಿಡಲೂ ಒಂದು ಸಹಿ ಸಾಕಾಗಬೇಕು, ಅದೂ ಸೇರಿಸಿಕೊಂಡ ಭಾಷೆಯಲ್ಲೇ.